ಮೂರು ನಾಲಿಗೆಗೆ ಒಗ್ಗುವ ಹೆಸರು

ಮೊನ್ನೆ ಕೈಚೀಲದ ತಳದಲ್ಲಿ ಬಸ್ ಪಾಸು ಹುಡುಕುತ್ತಿದ್ದಾಗ ಬೆರಳಿಗೆ ಸಿಕ್ಕಿದ್ದು ಒಂದು ಪ್ಲಾಸ್ಟಿಕ್ ಪಟ್ಟಿ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಕಾಲಿಗೆ ಸುತ್ತುತ್ತಾರಲ್ಲ, ಅದು. ಮೇಲೆ ಇಂಗ್ಲಿಷಿನಲ್ಲಿ ‘ಬೇಬಿ’ ಎಂದು ಅಚ್ಚಾಗಿದೆ, ಪಕ್ಕದಲ್ಲಿ ನನ್ನ ಮಗಳ ಅಡ್ಡಹೆಸರು. ನನ್ನ ಮೊಮ್ಮಗ ಈ ಭೂಮಿಯ ಮೇಲೆ ತನ್ನ ಮೊದಲ ತಿಂಗಳನ್ನು ಕಳೆದದ್ದು ಇದೊಂದೇ ಹೆಸರಿನ ಬಲದಲ್ಲಿ. ಪಟ್ಟಿಯನ್ನು ಎಸೆಯಲು ಮನಸ್ಸಾಗದೆ ಮತ್ತೆ ಚೀಲಕ್ಕೇ ಹಾಕಿದೆ. ಬಸ್ ಪಾಸು ಕೋಟಿನ ಜೇಬಿನಲ್ಲಿತ್ತು.

ಕೂಸು ಒಂದು ತಿಂಗಳು ಹೆಸರಿಲ್ಲದೆ ಇತ್ತೆಂದರೆ ಮನೆಯಲ್ಲಿ ಹೆಸರಿನ ವಿಷಯ ಬಲ್ಲವರು ಯಾರೂ ಇರಲಿಲ್ಲವೆಂದು ನೀವು ತಿಳಿಯಬಾರದು. ನಾನಿದ್ದೆ. ಲಂಡನ್ನಿನ ಗ್ರೀನ್‌ಫರ್ಡಿನ ಒಂದು ಜಿಪಿ ಸರ್ಜರಿಯ ರಿಸೆಪ್ಷನ್ನಿನಲ್ಲಿ, ಅಂದರೆ ಪೇಟೆಯ ಮಂದಿಯೆಲ್ಲ ಕೆಮ್ಮು ಜ್ವರಕ್ಕೆಂದು ಮೊದಲು ಬರುವ ಡಾಕ್ಟರರ ಬಾಗಿಲಲ್ಲಿ, ಇಪ್ಪತ್ತು ವರ್ಷಕ್ಕೂ ಮೇಲೆ ಕೂತವಳು. ಈಗ ಗೋಡೆಯ ಮೇಲೊಂದು ಪರದೆ ಹೆಸರು ತೋರಿಸುತ್ತದೆ. ಮೊದಲು ಆ ಕೆಲಸ ನನ್ನ ಗಂಟಲಿನದು. ಪೋಲೆಂಡಿನವರು, ಸೋಮಾಲಿಯಾದವರು, ಜಾಫ್ನಾದಿಂದ ಬಂದ ತಮಿಳರು, ಎಲ್ಲರನ್ನೂ ಅವರವರ ಹೆಸರು ಹಿಡಿದು ಕೂಗಿದ್ದೇನೆ. ವ್ಯಂಜನದ ಮೇಲೆ ವ್ಯಂಜನ ಹೇರಿದ್ದ ಒಂದು ಪೋಲಿಷ್ ಅಡ್ಡಹೆಸರನ್ನು ಒಮ್ಮೆ ಒಂದೇ ಉಸಿರಿಗೆ ಹೇಳಿದಾಗ, ಅದರ ಒಡೆಯನಾದ ಮುದುಕ ಎದ್ದು ಬಂದು ನನ್ನ ಕೈ ಕುಲುಕಿದ್ದ. ಅಂದಿನಿಂದ ನನ್ನ ತಲೆ ಸ್ವಲ್ಪ ತಿರುಗಿದೆ ಎಂಬುದು ನಮ್ಮ ಮನೆಯವರ ಅಭಿಪ್ರಾಯ.

ಹೀಗೆ ಕೂಗಿ ಕೂಗಿ ನನಗೊಂದು ಸಿದ್ಧಾಂತ ಹುಟ್ಟಿಕೊಂಡಿತ್ತು. ಹೆಸರು ಇರುವುದು ಕೂಗುವುದಕ್ಕೆ. ಅರ್ಥಗಿರ್ಥ ಆಮೇಲೆ. ಕೂಗಿದರೆ ಸರಿಯಾದ ಮನುಷ್ಯ ತಲೆಯೆತ್ತಬೇಕು, ಅಕ್ಕಪಕ್ಕ ಕೂತವರು ನಗಬಾರದು. ಇಷ್ಟಾದರೆ ಅದು ಒಳ್ಳೆಯ ಹೆಸರು.

ಈ ಲೆಕ್ಕದಲ್ಲಿ ನನ್ನ ಹೆಸರೇ ಪಾಸಾಗುವುದಿಲ್ಲ ಎನ್ನುವುದು ಬೇರೆ ಮಾತು. ನಾನು ಪುಷ್ಪಾ. ಧಾರವಾಡದಲ್ಲಿದ್ದಷ್ಟು ದಿನ ಹೂವಾಗಿದ್ದೆ. ಇಲ್ಲಿಗೆ ಬಂದ ಮೇಲೆ ನೋಡಿದರೆ ಬ್ಯಾಂಕು, ಅಂಗಡಿ, ಕೌನ್ಸಿಲ್ ಆಫೀಸು, ಎಲ್ಲದರ ಬಾಗಿಲ ಮೇಲೂ ನನ್ನ ಅರ್ಧ ಹೆಸರು ಬರೆದಿತ್ತು: ‘ಪುಶ್’. ಮಗಳು ಹುಟ್ಟುವಾಗ ನನ್ನ ಪಾಲಿಗೆ ಬಂದ ಸೂಲಗಿತ್ತಿ ಐರ್ಲೆಂಡಿನ ದೊಡ್ಡ ಹೆಂಗಸು. “ಪುಶ್, ಪುಷ್ಪಾ! ಪುಶ್, ಪುಷ್ಪಾ!” ಎಂದು ಅವಳು ತಾಳ ಹಾಕುತ್ತಿದ್ದರೆ, ನೋವಿನ ನಡುವೆಯೂ ನನಗೆ ಅವಳು ಯಾವಾಗ ಆಜ್ಞೆ ಕೊಡುತ್ತಿದ್ದಾಳೆ, ಯಾವಾಗ ಸುಮ್ಮನೆ ಕರೆಯುತ್ತಿದ್ದಾಳೆ ಎಂದು ತಿಳಿಯದೆ ಹೋಯಿತು. ಕೊನೆಗೆ ಎರಡಕ್ಕೂ ಒಂದೇ ಉತ್ತರ ಕೊಟ್ಟೆ. ಹಾಗೆ ಹುಟ್ಟಿದವಳು ಮೇಘಾ. ಇಂಗ್ಲಿಷರಿಗೂ ಸುಲಭವಾಗಲಿ ಎಂದು ನಾನೇ ಆರಿಸಿದ ಹೆಸರು. ಸ್ಕೂಲಿನಲ್ಲಿ ಅವಳನ್ನು ‘ಮೆಗಾ’ ಎಂದರು. ಅಂಗಡಿಗಳಲ್ಲಿ ‘ಮೆಗಾ ಸೇಲ್’ ಬೋರ್ಡು ಬಿದ್ದಾಗಲೆಲ್ಲ ಗೆಳತಿಯರು ಅವಳನ್ನು ಅದರ ಕೆಳಗೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಆದರೂ ನನ್ನ ಆತ್ಮವಿಶ್ವಾಸಕ್ಕೆ ಏನೂ ಆಗಲಿಲ್ಲ.

ಮೇಘಾ ಮದುವೆಯಾದದ್ದು ಜೊತೆಯಲ್ಲಿ ಕೆಲಸ ಮಾಡುವ ಲೂಕ್ ಎಂಬ ಫ್ರಾನ್ಸಿನ ಹುಡುಗನನ್ನು. ದಕ್ಷಿಣ ಫ್ರಾನ್ಸಿನವನು. ಸಾಧು. ನನ್ನನ್ನು ‘ಅತ್ತಿ’ ಎಂದು ಕರೆಯುವುದನ್ನು ನಮ್ಮ ಮನೆಯವರಿಂದ ಕಲಿತುಕೊಂಡು, ಅಷ್ಟು ಕಲಿತರೆ ಕನ್ನಡ ಮುಗಿಯಿತು ಎಂದುಕೊಂಡಿದ್ದಾನೆ. ಇಬ್ಬರೂ ಪಿನ್ನರಿನಲ್ಲಿ ಮನೆ ಮಾಡಿದ್ದಾರೆ. ಮೇಘಾ ಬಸುರಿಯಾಗಿ, ಗಂಡುಕೂಸು ಎಂದು ಸ್ಕ್ಯಾನಿನಲ್ಲಿ ಗೊತ್ತಾದ ದಿನವೇ ನನಗೆ ಶರತ್ತು ತಿಳಿಸಿದಳು.

“ಅಮ್ಮಾ, ಹೆಸರು ಫ್ರೆಂಚ್ ಆ್ಯಂಡ್ ಇಂಗ್ಲಿಷ್ ಎರಡರಾಗೂ ವರ್ಕ್ ಆಗ್ಬೇಕು. ಓಕೆ?”

“ಮತ್ತ ಕನ್ನಡದಾಗ?”

“ಕನ್ನಡದಾಗ ಎಲ್ಲಾನೂ ವರ್ಕ್ ಆಗ್ತದಲ್ಲ. ಹೆಂಗ ಅಂತೀವೋ ಹಂಗ ಬರೀಬಹುದು ಅಂತ ನೀನೇ ಹೇಳ್ತಿ.”

ನಾನೇ ಹೇಳಿದ್ದೆ. ಇಂಗ್ಲಿಷ್ ಸ್ಪೆಲಿಂಗನ್ನು ಬೈಯುವ ಭರದಲ್ಲಿ ನೂರು ಸಲ ಹೇಳಿದ್ದೆ. ಅದು ಹೀಗೆ ನನ್ನ ಕೊರಳಿಗೇ ಬರುತ್ತದೆಂದು ಗೊತ್ತಿರಲಿಲ್ಲ. ಇರಲಿ, ಎರಡು ನಾಲಿಗೆಗೆ ಒಗ್ಗುವ ಹೆಸರು ಅವರು ಹುಡುಕಲಿ, ಮೂರನೆಯ ನಾಲಿಗೆಯನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಕಣಕ್ಕಿಳಿದೆ.

ಮೊದಲು ‘ಹರ್ಷ’ ಎಂದೆ. ಎಷ್ಟು ಚಂದದ ಹೆಸರು! ಆದರೆ ಫ್ರೆಂಚರು ಹಕಾರ ನುಂಗುತ್ತಾರೆ. ಲೂಕ್ ಶ್ರದ್ಧೆಯಿಂದ ಬಾಯಿ ತೆರೆದು “ಅರ್ಶ” ಎಂದ. ಪೇಪರು ಓದುತ್ತ ಕೂತಿದ್ದ ನಮ್ಮ ಮನೆಯವರಿಗೆ ಚಹಾ ನೆತ್ತಿಗೇರಿತು. ಅರ್ಶ ಎಂದರೆ ಮೂಲವ್ಯಾಧಿ. ಅದನ್ನು ಲೂಕನಿಗೆ ವಿವರಿಸುವ ಹೊತ್ತಿಗೆ ಮೇಘಾ ಇನ್ನೊಂದು ಹೇಳಿದಳು: ಇಂಗ್ಲಿಷಿನವರ ಕಿವಿಗೂ ಅದು ಅದೇ ಜಾಗವನ್ನು ನೆನಪಿಸುತ್ತದಂತೆ. ಒಂದು ಹೆಸರು ಎರಡು ಭಾಷೆಯಲ್ಲಿ ಒಂದೇ ಅರ್ಥ ಕೊಡುವುದು ಅಪರೂಪ. ಆದರೂ ಬಿಡಬೇಕಾಯಿತು.

‘ನಿಖಿಲ್’ ಎಂದೆ. ಲೂಕನ ಕಿವಿ ಕೆಂಪಾದವು. ಅದರ ಮೊದಲ ಅರ್ಧ ಫ್ರೆಂಚಿನಲ್ಲಿ ಪೋಲಿಹುಡುಗರು ಗೋಡೆಯ ಮೇಲೆ ಬರೆಯುವ ಮಾತಂತೆ. ಏನೆಂದು ಕೇಳಿದರೆ “ಅತ್ತಿ, ಪ್ಲೀಸ್” ಎಂದು ಕೈಮುಗಿದ.

ಅವನ ಕಡೆಯ ಹೆಸರುಗಳೂ ಕಡಿಮೆ ತಾಪತ್ರಯದವಲ್ಲ. ಅವನ ಅಜ್ಜನ ಹೆಸರು ‘ಜಾಂ’. ಬರೆದು ತೋರಿಸಿದರೆ ಇಂಗ್ಲಿಷಿನಲ್ಲಿ ‘ಜೀನ್’ ಆಗಿ, ನಮ್ಮ ಸರ್ಜರಿಗೆ ಮಂಡಿನೋವಿಗೆ ಬರುವ ಮುದುಕಿಯ ಹೆಸರಾಗುತ್ತಿತ್ತು. ಚಿಕ್ಕಪ್ಪನ ಹೆಸರು ‘ಗೀ’. ಇಂಗ್ಲಿಷಿನವರು ‘ಗೈ’ ಎಂದು ಓದುತ್ತಾರೆ, ನಮ್ಮ ಕಡೆಯವರು ಅದೇನು ತುಪ್ಪವೇ ಎನ್ನುತ್ತಾರೆ. ‘ಥಿಬೋ’ ಎಂಬ ಹೆಸರನ್ನು ಬರೆದಾಗ ಕೊನೆಗೆ ಒಂದು ಗುಂಪು ಅಕ್ಷರ ಸುಮ್ಮನೆ ನಿಂತಿದ್ದವು. ಇವೆಲ್ಲ ಏನು ಕೆಲಸ ಮಾಡುತ್ತವೆ ಎಂದು ಕೇಳಿದೆ. “ಏನೂ ಇಲ್ಲ, ಇರುತ್ತವೆ” ಎಂದ ಲೂಕ್. ಕೂತು ಉಣ್ಣುವ ನೆಂಟರಂತೆ ಅಕ್ಷರಗಳನ್ನೂ ಸಾಕುವ ಭಾಷೆ ಅದು.

ಹೀಗೆ ತಿಂಗಳುಗಳು ಕಳೆದವು. ಕೂಸು ಹೆಸರಿಗಾಗಿ ಕಾಯಲಿಲ್ಲ, ಹುಟ್ಟಿಯೇ ಬಿಟ್ಟಿತು. ಈ ದೇಶದಲ್ಲಿ ಆರು ವಾರದೊಳಗೆ ಕೌನ್ಸಿಲ್ಲಿಗೆ ಹೋಗಿ ಜನನ ನೋಂದಾಯಿಸಬೇಕು. ಮೇಘಾಳಿಗೆ ನಿದ್ದೆಯಿಲ್ಲ, ಲೂಕನಿಗೆ ಅವಳ ಮುಖ ನೋಡುವ ಧೈರ್ಯವಿಲ್ಲ. ಒಂದು ಸಂಜೆ ನಾನು ಮತ್ತೆ ಏನೋ ಹೆಸರು ಎತ್ತಿದಾಗ ಅವಳು ಅತ್ತೇ ಬಿಟ್ಟಳು. “ಸ್ಟಾಪ್, ಅಮ್ಮಾ. ಎಲ್ಲರಿಗೂ ಸರಿ ಹೋಗೂದು ಬ್ಯಾಡ, ಒಂದು ಹೆಸರು ಇದ್ರ ಸಾಕು. ನನ್ನ ಮಗನ್ನ ನಾ ಏನಂತ ಕರೀಲಿ?” ನಾನು ಅವತ್ತು ಮೊದಲ ಸಲ ಬಾಯಿ ಮುಚ್ಚಿಕೊಂಡೆ.

ಆ ವಾರವೇ ಹೆಸರು ಸಿಕ್ಕಿತು. ಪಿನ್ನರಿನ ಅವರ ಮನೆಯಲ್ಲಿ ನಮ್ಮ ಮನೆಯವರು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಲೂಕ್ ಫೋನಿನಲ್ಲಿ ಊರಿನ ಗೆಳೆಯರ ಜೊತೆ ಮಾತಾಡುತ್ತ ಅತ್ತಿತ್ತ ನಡೆಯುತ್ತಿದ್ದ. ಫ್ರೆಂಚಿನಲ್ಲಿ ‘ತುಂಬಾ ಸಂತೋಷವಾಗಿದೆ’ ಎನ್ನಲು ಒಂದು ಪದವಿದೆ. ಮಗ ಹುಟ್ಟಿದ ಸುದ್ದಿ ಹೇಳುತ್ತ ಅವನು ಆ ಪದವನ್ನು ಮತ್ತೆ ಮತ್ತೆ ಆಡುತ್ತಿದ್ದ. ಅವನು ಆಡಿದಾಗಲೆಲ್ಲ ನಮ್ಮ ಮನೆಯವರು ತಲೆಯೆತ್ತಿ “ಎಸ್?” ಎನ್ನುತ್ತಿದ್ದರು. ಮೂರನೆಯ ಸಲ ಲೂಕ್ ನಡುದಾರಿಯಲ್ಲೇ ನಿಂತ. ಮಾವನನ್ನು ನೋಡಿದ, ಕೂಸನ್ನು ನೋಡಿದ. ಫೋನನ್ನು ಹಾಗೇ ಸೋಫಾದ ಮೇಲೆ ಇಟ್ಟು ಮೇಘಾಳನ್ನು ಕೂಗಿದ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು ನೀವು. ಇಷ್ಟು ಹೊತ್ತು ‘ನಮ್ಮ ಮನೆಯವರು’ ‘ನಮ್ಮ ಮನೆಯವರು’ ಎಂದೇ ಬರೆಯುತ್ತ ಬಂದಿದ್ದೇನೆ, ಗಮನಿಸಿರಬಹುದು. ಗಂಡನ ಹೆಸರು ಬಾಯಲ್ಲಿ ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ನನಗೆ ಅದರಲ್ಲಿ ನಂಬಿಕೆಯಿಲ್ಲ. ಆಯುಷ್ಯ ಯಾವುದರಿಂದ ಕಡಿಮೆಯಾಗುತ್ತದೆ ಎಂದು ಸರ್ಜರಿಯಲ್ಲಿ ಕೂತು ದಿನವೂ ನೋಡುವವಳು ನಾನು. ನಂಬಿಕೆ ಎಂದೋ ಹೋಯಿತು, ಅಭ್ಯಾಸ ಹೋಗಲಿಲ್ಲ. ಮದುವೆಯಾಗಿ ಮೂವತ್ತೈದು ವರ್ಷ ನನಗೆ ಅವರು ‘ರೀ’, ‘ಏನ್ರಿ’, ‘ಇಲ್ಲೆ ನೋಡ್ರಿ’. ನಮ್ಮ ಕಡೆ ಸಂಡೇಗೆ ರವಿವಾರ ಎನ್ನುತ್ತಾರೆ. ನಾನು ಮದುವೆಯಾದ ಮೇಲೆ ಭಾನುವಾರ ಎನ್ನತೊಡಗಿದೆ. ಲಂಡನ್ನಿನಲ್ಲಿ ಹೊಸದಾಗಿ ಪರಿಚಯವಾದ ಕನ್ನಡದವರು “ನೀವು ಮೈಸೂರು ಕಡೆಯವರಾ?” ಎಂದು ಕೇಳಿದರೆ ಹೂಂ ಎಂದೂ ಅನ್ನಲಾರೆ, ಯಾಕೆಂದೂ ಹೇಳಲಾರೆ. ಗ್ಯಾಸ್ ಕಂಪನಿಯವರು ಫೋನಿನಲ್ಲಿ ಅಕೌಂಟು ಯಾರ ಹೆಸರಿನಲ್ಲಿದೆ ಎಂದು ಕೇಳಿದರೆ ಆರ್, ಎ, ವಿ, ಐ ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತೇನೆ. ಬಿಡಿಸಿ ಹೇಳಿದರೆ ಹೆಸರು ಹೇಳಿದ ಹಾಗಲ್ಲ, ಅದು ನಾನೇ ಮಾಡಿಕೊಂಡ ಕಾನೂನು.

ಒಮ್ಮೆ ಈಸ್ಟ್ ಹ್ಯಾಮಿಗೆ ಬಾಳೆಲೆ, ಕರಿಬೇವು ತರಲು ಹೊರಟಿದ್ದೆವು. ಮೈಲ್ ಎಂಡಿನಲ್ಲಿ ಟ್ಯೂಬ್ ರೈಲು ಬದಲಾಯಿಸಬೇಕು. ನಾನು ಪ್ಲಾಟ್‌ಫಾರ್ಮಿನಲ್ಲಿ ಇಳಿದು ಎದುರಿನ ರೈಲು ಹತ್ತಿದೆ, ಅವರು ಏನೋ ಯೋಚನೆಯಲ್ಲಿ ಬೋರ್ಡು ಓದುತ್ತ ಹೊರಗೇ ನಿಂತರು. ಬಾಗಿಲು ಮುಚ್ಚುವ ಸದ್ದು ಬಂತು. ನಾನು “ರೀ! ರೀ!” ಎಂದು ಕಿರುಚಿದೆ. ಡಬ್ಬಿಯಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು, ಅವರೊಬ್ಬರು ತಿರುಗಲಿಲ್ಲ. ಹೆಸರು ಕೂಗಿದ್ದರೆ ತಿರುಗುತ್ತಿದ್ದರು. ಊರ ಮಂದಿಯ ಹೆಸರನ್ನೆಲ್ಲ ಕೂಗುವ ನನ್ನ ಗಂಟಲು ಅದೊಂದಕ್ಕೆ ಮಾತ್ರ ತೆರೆಯಲಿಲ್ಲ. ಮುಂದಿನ ರೈಲಿನಲ್ಲಿ ಬಂದವರು “ಯಾಕ ಬಿಟ್ಟು ಹೋದಿ?” ಎಂದು ನನ್ನನ್ನೇ ಕೇಳಿದರು.

ಆ ಹೆಸರನ್ನು ಈಗ ಲೂಕ್ ನನ್ನ ಮೊಮ್ಮಗನಿಗೆ ಇಡಬೇಕೆಂದಿದ್ದ. ರವಿ. ಫ್ರೆಂಚಿನಲ್ಲಿ ಆನಂದ. ಇಂಗ್ಲಿಷಿನಲ್ಲಿ ಎಲ್ಲರಿಗೂ ಗೊತ್ತಿರುವ, ಸುಲಭವಾದ ಹೆಸರು. ಕನ್ನಡದಲ್ಲಿ ಹೇಳುವುದೇ ಬೇಡ. ಅಪ್ಪನ ಹೆಸರೆಂದು ಮೇಘಾಳ ಕಣ್ಣಲ್ಲಿ ನೀರು. ನಮ್ಮ ಮನೆಯವರು ಕೂಸಿನ ಟೊಪ್ಪಿಗೆಯನ್ನು ಸರಿಮಾಡಿದರು. ಸರಿಯಾಗಿಯೇ ಇದ್ದ ಟೊಪ್ಪಿಗೆ ಅದು.

ನಾನೊಬ್ಬಳೇ ಬೇಡವೆಂದೆ. ಬದುಕಿದ್ದವರ ಹೆಸರು ಇಡುವ ಪದ್ಧತಿ ನಮ್ಮಲ್ಲಿಲ್ಲ ಎಂದೆ. ಹಳೆಯ ಕಾಲದ ಹೆಸರು, ಸರ್ಜರಿಯಲ್ಲಿ ಸಾಲು ಸಾಲು ಇದ್ದಾರೆ ಎಂದೆ. ಒಂದೇ ಮನೆಯಲ್ಲಿ ಇಬ್ಬರಿದ್ದರೆ ಔಷಧ ಅದಲು ಬದಲಾಗುತ್ತದೆ ಎಂದೂ ಹೇಳಿದೆನಂತೆ, ಅದು ನನಗೆ ನೆನಪಿಲ್ಲ. ನಿಜವಾದ ಕಾರಣ ಹೇಳಲು ನಾಚಿಕೆ. ಮೂವತ್ತು ದಾಟಿದ ಮಗಳಿಗೆ, ಫ್ರೆಂಚ್ ಅಳಿಯನಿಗೆ, ‘ಆ ಹೆಸರು ಇಟ್ಟರೆ ನನ್ನ ಮೊಮ್ಮಗನನ್ನು ನಾನೇ ಕರೆಯಲಾರೆ’ ಎಂದು ಹೇಗೆ ಹೇಳುವುದು?

ಮನೆಗೆ ಬರುವ ಬಸ್ಸಿನಲ್ಲಿ ಅವರು ಕಿಟಕಿಯ ಹೊರಗೆ ನೋಡುತ್ತ ಕೇಳಿದರು, “ನಿನಗ ಕರೀಲಿಕ್ಕೆ ಬರೂದಿಲ್ಲ ಅಂತನ?”

“ಹಂಗೇನಿಲ್ಲ. ಪದ್ಧತಿ ಅಂದ್ರ ಪದ್ಧತಿ.”

“ಆತು,” ಎಂದರು. ಅವರ ‘ಆತು’ ಎಂದರೆ ಮಾತು ಮುಗಿಯಿತೆಂದಲ್ಲ, ಎಲ್ಲ ತಿಳಿಯಿತೆಂದು.

ಮುಂದಿನ ವಾರ ಲೂಕನ ತಾಯಿ ಫ್ರಾನ್ಸಿನಿಂದ ಬಂದರು. ಜೊಸೆಟ್ ಎಂದು ಹೆಸರು. ಗಂಡ ತೀರಿಹೋಗಿದ್ದಾರೆ, ಲೂಕ್ ಒಬ್ಬನೇ ಮಗ. ನನಗಿಂತ ಹಿರಿಯರು, ನನಗಿಂತ ಚುರುಕು. ನಮ್ಮಿಬ್ಬರ ನಡುವೆ ಇರುವುದು ಇಂಗ್ಲಿಷ್, ಅವರದು ಅರ್ಧ, ನನ್ನದು ಪೂರ್ತಿಯಾದರೂ ಅವರಿಗೆ ಅರ್ಥವಾಗುವುದು ಅರ್ಧ. ಕೂಸನ್ನು ಎತ್ತಿಕೊಂಡ ಕೂಡಲೇ ಅವರು ಮುದ್ದುಮಾಡತೊಡಗಿದರು: “ಮೊಂ ಶು, ಮೊಂ ಶು.” ಏನೆಂದು ಕೇಳಿದರೆ ‘ನನ್ನ ಎಲೆಕೋಸೇ’ ಎಂದು ಅರ್ಥವಂತೆ. ನನಗೆ ಭಾರಿ ಸಮಾಧಾನವಾಯಿತು. ನಮ್ಮದು ಕೂಸು, ಅವರದು ಕೋಸು, ಒಂದು ಸ್ವರದ ವ್ಯತ್ಯಾಸ. ಆದರೆ ನನ್ನ ಗೆಳತಿ, ಮೈಸೂರಿನವಳು, ಕೂಸನ್ನು ನೋಡಲು ಬಂದು “ಪುಟ್ಟಾ, ಪುಟ್ಟಾ” ಎಂದು ಶುರುಮಾಡಿದಾಗ ಜೊಸೆಟ್ ಬೆಚ್ಚಿಬಿದ್ದರು. ಅವರ ಭಾಷೆಯಲ್ಲಿ ಅದಕ್ಕೆ ತೀರ ಸಮೀಪದ ಒಂದು ಮಾತಿದೆ, ಮರ್ಯಾದಸ್ಥ ಹೆಂಗಸರ ಎದುರು ಆಡುವಂಥದಲ್ಲ. ಗೆಳತಿಗೆ ಇನ್ನೊಂದು ಲೋಟ ಚಹಾ ಕೊಟ್ಟು ಬಾಯಿ ಕಟ್ಟಿದೆ.

ಆ ಶನಿವಾರ ಎಲ್ಲರನ್ನೂ ಗ್ರೀನ್‌ಫರ್ಡಿನ ನಮ್ಮ ಮನೆಗೆ ಊಟಕ್ಕೆ ಕರೆದಿದ್ದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ. ಬಿಸ್ಕತ್ತಿನ ಗೋದಾಮಿನ ಕೆಲಸದಿಂದ ನಿವೃತ್ತರಾದ ಮೇಲೆ ನಮ್ಮ ಮನೆಯವರು ಹಿತ್ತಿಲಲ್ಲಿ ಪ್ಲಾಸ್ಟಿಕ್ಕಿನ ಒಂದು ಗುಡಾರ ಕಟ್ಟಿ, ಅದರೊಳಗೆ ಪುಂಡಿ, ಮೆಣಸಿನಗಿಡ ಬೆಳೆಸುತ್ತಾರೆ. ಊಟಕ್ಕೆ ಹಸಿಮೆಣಸಿನಕಾಯಿ ತರುತ್ತೇನೆಂದು ಅವರು ಅತ್ತ ಹೋದಾಗ ಲೂಕ್ ತಾಯಿಗೆ ವಿಷಯ ತಿಳಿಸಿದ. ಮಗುವಿಗೆ ಮೇಘಾಳ ಅಪ್ಪನ ಹೆಸರು ಇಡುವ ಆಸೆ ನಮಗೆ, ಆದರೆ ಅತ್ತಿ ಒಪ್ಪುತ್ತಿಲ್ಲ. ಹೆಸರು ರವಿ.

ಜೊಸೆಟ್ ನಗತೊಡಗಿದರು. ನಿಲ್ಲಿಸಲಾಗದ ನಗು, ಕಣ್ಣಲ್ಲಿ ನೀರು ಬರುವಂಥ ನಗು.

“ಮಮಾಂ!” ಎಂದ ಲೂಕ್.

ಅವರು ಕಣ್ಣೊರೆಸಿಕೊಂಡು ನನಗೆ ವಿವರಿಸಿದರು. ಅವರ ಊರಿನ ಕಡೆ ಕ್ರಿಸ್‌ಮಸ್ಸಿಗೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಅಂದರೆ ಗೋದಲಿ, ಜೋಡಿಸುವಾಗ ಬಾಲ ಯೇಸುವಿನ ಸುತ್ತ ಊರಿನವರ ಮಣ್ಣಿನ ಬೊಂಬೆಗಳನ್ನೂ ಇಡುತ್ತಾರೆ. ಒಬ್ಬ ಮೀನು ತಂದಿರುತ್ತಾನೆ, ಒಬ್ಬಳು ರೊಟ್ಟಿ, ಒಬ್ಬ ಕುರಿಮರಿ. ಅವರ ನಡುವೆ ಏನೂ ತರದವನು ಒಬ್ಬನಿರುತ್ತಾನೆ. ಎರಡೂ ಕೈ ಮೇಲೆತ್ತಿ, ಬಾಯಿ ತೆರೆದು ಸುಮ್ಮನೆ ನಿಂತಿರುತ್ತಾನೆ. ಅವನೇ ‘ರವಿ’. “ನಮ್ಮೂರಲ್ಲಿ ಯಾರನ್ನಾದರೂ ರವಿ ಅಂದರೆ ಪಾಪದವನು ಅಂತ ಅರ್ಥ. ಸ್ವಲ್ಪ…” ಎಂದು ತಲೆಯ ಪಕ್ಕ ಬೆರಳು ತಿರುಗಿಸಿದರು. “ಪೆದ್ದ.”

ಆ ಬೊಂಬೆಯ ನೆನಪೇ ಬಂದಿರಲಿಲ್ಲವೆಂದು ಲೂಕ್ ತಲೆ ತಗ್ಗಿಸಿದ, ಮೇಘಾಳ ಮುಖ ಇಳಿದುಹೋಯಿತು. ನ್ಯಾಯವಾಗಿ ನನಗೆ ಖುಷಿಯಾಗಬೇಕಿತ್ತು. ಕೇಳದೆಯೇ ನನ್ನ ಪಕ್ಷಕ್ಕೆ ಒಬ್ಬರು ಬಂದಿದ್ದರು, ಹೆಸರು ತಾನಾಗಿ ಬಿದ್ದುಹೋಗುತ್ತಿತ್ತು, ನಾನು ಇನ್ನೊಂದು ರೊಟ್ಟಿ ಬಡಿಸಿ ಮಾತು ಬದಲಿಸಿದ್ದರೆ ಸಾಕಿತ್ತು. ಆದರೆ ನನ್ನ ಕಣ್ಣ ಮುಂದೆ ಬಂದದ್ದು ಮಣ್ಣಿನ ಬೊಂಬೆಯಲ್ಲ. ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ ರಾತ್ರಿಪಾಳಿ ಮುಗಿಸಿ ಬಂದು, ನನ್ನನ್ನು ಎಬ್ಬಿಸದೆ ಮೇಘಾಳ ಹಾಲಿನ ಬಾಟಲಿ ತೊಳೆದಿಡುತ್ತಿದ್ದ ಮನುಷ್ಯ ಬಂದರು. ನಾನು ಕೆಲಸಕ್ಕೆ ಸೇರುತ್ತೇನೆಂದಾಗ ಅಡುಗೆಮನೆಯಲ್ಲಿ ಎದುರು ಕೂತು, ತಾವೇ ರೋಗಿಯಾಗಿ, ಬಾಯಿಗೆ ಬಂದ ಹೆಸರುಗಳನ್ನೆಲ್ಲ ಹೇಳಿ ನನ್ನಿಂದ ಕೂಗಿಸಿ ಅಭ್ಯಾಸ ಮಾಡಿಸಿದ್ದವರು ಅವರೇ. ಅವರಿಗೆ ಪೆದ್ದ ಎನ್ನುವುದೇ?

ನಾನು ಎದ್ದು ನಿಂತೆನಂತೆ. ಕೈಯಲ್ಲಿ ರೊಟ್ಟಿಯ ಬುಟ್ಟಿ ಹಾಗೇ ಇತ್ತಂತೆ. “ಜೊಸೆಟ್,” ಎಂದೆ ಇಂಗ್ಲಿಷಿನಲ್ಲಿ, “ಪೆದ್ದ ಅಲ್ಲ. ನಮ್ಮ ಭಾಷೆಯಲ್ಲಿ ರವಿ ಅಂದರೆ ಸೂರ್ಯ. ನಿಮ್ಮ ಬೊಂಬೆ ಏನಾದರೂ ಆಗಿರಲಿ, ನಮ್ಮ ಮನೆಯಲ್ಲಿರುವ ರವಿ ಪೆದ್ದ ಅಲ್ಲ!” ಸರ್ಜರಿಯಲ್ಲಿ ಪರದೆ ಬರುವ ಮೊದಲು, ಕೊನೆಯ ಸಾಲಿನ ಕಿವುಡರಿಗೂ ಕೇಳಲೆಂದು ಇಟ್ಟುಕೊಂಡಿದ್ದ ದನಿ ಅದು. ಎಷ್ಟೋ ವರ್ಷಗಳ ಮೇಲೆ ಹೊರಬಂತು.

ಹಿತ್ತಿಲ ಬಾಗಿಲಿನಲ್ಲಿ ನಮ್ಮ ಮನೆಯವರು ನಿಂತಿದ್ದರು. ಬೊಗಸೆಯಲ್ಲಿ ಮೆಣಸಿನಕಾಯಿ.

“ಕರದ್ಯೇನ?” ಎಂದರು.

ಮೇಘಾ ಮೊದಲು ನನ್ನ ಮುಖ ನೋಡಿದಳು, ಆಮೇಲೆ ಅಪ್ಪನ ಮುಖ ನೋಡಿದಳು. “ಓ ಮೈ ಗಾಡ್, ಅಮ್ಮಾ,” ಎಂದಳು. “ಯೂ ಸೆಡ್ ಇಟ್. ಅಪ್ಪಾ, ಅಮ್ಮ ನಿನ್ನ ಹೆಸರು ಹೇಳಿದ್ಲು!” ಅವರ ಕಿವಿ ಕೆಂಪಾಗಿದ್ದವು. ಅರವತ್ತು ದಾಟಿದ ಮನುಷ್ಯನ ಕಿವಿ ಹಾಗೆ ಕೆಂಪಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಕೂತೆ. ಅಜ್ಜಿಯ ಮಾತಿನಲ್ಲಿ ನಂಬಿಕೆಯಿಲ್ಲದ ನಾನು, ಅವರು ಕುರ್ಚಿ ಎಳೆದು ಕೂರುವವರೆಗೆ ಅವರನ್ನೇ ನೋಡುತ್ತಿದ್ದೆ. ಬೀಳಲಿಲ್ಲ. ಒಂದು ಮೆಣಸಿನಕಾಯಿ ಮುರಿದು ರೊಟ್ಟಿಯ ಜೊತೆ ಕಚ್ಚಿದರು.

ಏನಾಯಿತೆಂದು ಲೂಕ್ ತಾಯಿಗೆ ಫ್ರೆಂಚಿನಲ್ಲಿ ಹೇಳಿದ. ಇಷ್ಟು ವರ್ಷ ಗಂಡನ ಹೆಸರು ಆಡಿಯೇ ಇಲ್ಲವೆಂದು ಕೇಳಿ ಅವರು ಮೊದಲು ನಂಬಲಿಲ್ಲ. ನಂಬಿದ ಮೇಲೆ ಮೇಜಿನ ಮೇಲಿಂದ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡರು.

“ಪುಷ್ಪಾ, ಆ ಬೊಂಬೆಯನ್ನು ಇಡುವ ಸರದಿಗಾಗಿ ನಾನು ಚಿಕ್ಕವಳಿದ್ದಾಗ ಅಣ್ಣನ ಜೊತೆ ಹೊಡೆದಾಡುತ್ತಿದ್ದೆ. ಪೆದ್ದ ಅಂತ ದೊಡ್ಡವರು ಹೇಳುತ್ತಿದ್ದರು. ನನಗೆ ಕಾಣುತ್ತಿದ್ದದ್ದೇ ಬೇರೆ. ಮಿಕ್ಕವರಿಗೆಲ್ಲ ತಾವು ತಂದದ್ದನ್ನು ಕೊಡುವ ಆತುರ. ಮಗುವನ್ನು ನೋಡುತ್ತಿದ್ದವನು ಅವನೊಬ್ಬನೇ.”

ಅದೇ ಹೊತ್ತಿಗೆ ಮೂಲೆಯ ಬುಟ್ಟಿತೊಟ್ಟಿಲಿನಲ್ಲಿ ಮಲಗಿದ್ದ ಕೂಸು ಏನೋ ಸದ್ದಿಗೆ ಬೆಚ್ಚಿ, ನಿದ್ದೆಯಲ್ಲೇ ಎರಡೂ ಕೈ ಮೇಲಕ್ಕೆತ್ತಿತು. ಎಳೆಗೂಸುಗಳೆಲ್ಲ ಹಾಗೆ ಮಾಡುತ್ತವೆ, ಸರ್ಜರಿಯಲ್ಲಿ ನೂರು ನೋಡಿದ್ದೇನೆ. ಆದರೆ ಆ ದಿನ ಆ ಮನೆಯಲ್ಲಿ ಹಾಗೆ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಸೋಮವಾರ ಲೂಕ್ ಮತ್ತು ಮೇಘಾ ಕೌನ್ಸಿಲ್ಲಿಗೆ ಹೋಗಿ ರವಿ ಎಂದು ಬರೆಸಿ ಬಂದರು. ಗುಮಾಸ್ತೆ ಸ್ಪೆಲಿಂಗ್ ಕೂಡ ಕೇಳಲಿಲ್ಲವಂತೆ.

ತೊಟ್ಟಿಲಿಗೆ ಹಾಕುವ ಕಾರ್ಯವನ್ನು ನಮ್ಮ ಮನೆಯಲ್ಲೇ ಮಾಡಿದೆವು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು, ಅಂದರೆ ತಂದೆಯ ಅಕ್ಕತಂಗಿಯದು. ಲೂಕನಿಗೆ ಅಕ್ಕತಂಗಿಯರಿಲ್ಲ. ಆ ಸ್ಥಾನದಲ್ಲಿ ಜೊಸೆಟ್ ನಿಲ್ಲಲಿ ಎಂದು ನಾನೇ ತೀರ್ಪು ಕೊಟ್ಟೆ. ಈಸ್ಟ್ ಹ್ಯಾಮಿನಿಂದ ತಂದ ಹಸಿರು ಸೀರೆ ಉಡಿಸಿದೆ. ಆದರೆ ಒಂದು ವಿಷಯ ಮುಂಚೆ ತಿಳಿಸಲು ಮರೆತೆ. ಹೆಸರು ಹೇಳುವಾಗ ಕೂಸಿನ ಕಿವಿಯಲ್ಲಿ ‘ಕುರ್‍ರ್’ ಎನ್ನಬೇಕು, ಅಂದ ಕೂಡಲೇ ಸುತ್ತ ನಿಂತ ಹೆಣ್ಣುಮಕ್ಕಳು ಸೋದರತ್ತೆಯ ಬೆನ್ನಿಗೆ ಗುದ್ದುತ್ತಾರೆ. ಧಾರವಾಡ, ಬೆಳಗಾವಿ, ವಿಜಯಪುರದ ಹೆಣ್ಣುಮಕ್ಕಳು ಬಂದಿದ್ದರು. ಅವರ ಕೈ ರೊಟ್ಟಿ ಬಡಿದ ಕೈ.

ಜೊಸೆಟ್ ಬಾಗಿ ‘ಕುರ್‍ರ್’ ಎಂದರು. ಫ್ರೆಂಚರ ರಕಾರ ಗಂಟಲಿನ ಆಳದಿಂದ ಬರುತ್ತದೆ. ಅಂಥ ತುಂಬಿದ ‘ಕುರ್‍ರ್’ ಅನ್ನು ನಾನು ಧಾರವಾಡದಲ್ಲೂ ಕೇಳಿರಲಿಲ್ಲ. ಬೆಳಗಾವಿಯ ಮುದುಕಿಯೊಬ್ಬಳು “ಹಿಂಗ ಅನಬೇಕು ನೋಡ್ರಿ!” ಎಂದು ಮೆಚ್ಚಿ ಮೊದಲ ಗುದ್ದು ಹಾಕಿದಳು. ಜೊಸೆಟ್ ಕಿರುಚಿದರು. ಲೂಕ್ ಓಡಿ ಬಂದ. ವಿಷಯ ತಿಳಿದ ಮೇಲೆ ಅವರು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆನ್ನು ಮತ್ತೆ ಒಡ್ಡಿ ಇನ್ನೂ ಜೋರಾಗಿ ‘ಕುರ್‍ರ್’ ಎಂದರು. ಈಗ ಫ್ರಾನ್ಸಿನಲ್ಲಿ ಗೆಳತಿಯರಿಗೆ ಅದನ್ನು ಹೇಳಿಕೊಂಡು ತಿರುಗುತ್ತಿದ್ದಾರೆಂದು ಕೇಳಿದ್ದೇನೆ.

ಈಗ ಕೂಸು ಅಂಬೆಗಾಲಿಡುತ್ತದೆ. ನರ್ಸರಿಯವರು ‘ರಾವಿ’ ಎನ್ನುತ್ತಾರೆ. ಜೊಸೆಟ್ ಫೋನಿನಲ್ಲಿ ಗಂಟಲಿನಿಂದ ‘ಘವೀ’ ಎನ್ನುತ್ತಾರೆ. ನಾನು ರವಿ ಎನ್ನುತ್ತೇನೆ. ಮೂರಕ್ಕೂ ತಿರುಗಿ ನೋಡುತ್ತಾನೆ. ವಾರದಲ್ಲಿ ಎರಡು ದಿನ ನಮ್ಮಲ್ಲಿರುತ್ತಾನೆ. ಮೊದಮೊದಲು ಕರೆಯುವಾಗ ಬಾಯಿ ತಡೆಯುತ್ತಿತ್ತು. ‘ಕೂಸೇ’ ಎಂದು ಜಾರಿಕೊಳ್ಳುತ್ತಿದ್ದೆ. ಕೂಸು ಮೆಟ್ಟಿಲಿನತ್ತ ಹೊರಟ ದಿನ ತಡೆಯೆಲ್ಲ ಹೋಯಿತು. ನಾನು ಕರೆದಾಗಲೆಲ್ಲ ಎರಡು ತಲೆ ತಿರುಗುತ್ತವೆ. ತಮ್ಮನ್ನಲ್ಲ ಎಂದು ಚೆನ್ನಾಗಿ ಗೊತ್ತಿದ್ದೂ ನಮ್ಮ ಮನೆಯವರು ಪ್ರತಿಸಲ ಪೇಪರಿನಿಂದ ಕಣ್ಣೆತ್ತುತ್ತಾರೆ, ಮತ್ತೆ ಇಳಿಸುತ್ತಾರೆ. ಅದನ್ನು ಬಹಳ ದಿನ ನೋಡಿಯೂ ನೋಡದ ಹಾಗಿದ್ದೆ.

ಹೋದ ಮಂಗಳವಾರ ಕೂಸು ನಮ್ಮಲ್ಲಿರಲಿಲ್ಲ. ಚಹಾ ಸೋಸಿಟ್ಟು ಹಿತ್ತಿಲ ಬಾಗಿಲು ತೆರೆದೆ. ಅವರು ಗುಡಾರದ ಬಾಯಲ್ಲಿ ಬಾಗಿ ಏನೋ ನೆಡುತ್ತಿದ್ದರು. “ರೀ” ಎನ್ನಲು ಬಾಯಿ ತೆರೆದೆ.

“ರವೀ,” ಎಂದೆ.

ಅವರು ತಲೆಯೆತ್ತಲಿಲ್ಲ. “ಕೂಸು ಬಂತೇನ? ಇವತ್ತು ಬರೂದಿಲ್ಲ ಅಂದಿದ್ಲಲ್ಲ ಮೇಘಾ.”

“ಕೂಸು ಬಂದಿಲ್ಲ. ನಿಮ್ಮನ್ನ ಕರದೆ. ಚಹಾ ಆರಲಿಕ್ಕತ್ತದ.”

ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ನೆಟ್ಟಗಾದರು. ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡರು. ಬೇರೆ ದಿನವಾಗಿದ್ದರೆ ಬೈಯುತ್ತಿದ್ದೆ.

“ಆರಲಿ,” ಎಂದರು. “ಇನ್ನೊಮ್ಮೆ ಕರಿ.”